ಸಾಲಿನಲ್ಲಿದ್ದ ಕನ್ನಡಿ

ಅರಸೀಕೆರೆಯಲ್ಲಿ ನಾನು ವೆಬ್‌ಪುಟ ಮಾಡಲು ಕಲಿತ ತರಗತಿಯ ಮೆಟ್ಟಿಲ ಬಾಯಿಗೆ ಈಗೊಂದು ಫ್ಲೆಕ್ಸ್ ಕಟ್ಟಿದ್ದಾರೆ. ‘ದನಿ ಕಳೆದುಕೊಂಡ ತಂದೆಗೆ ದನಿಯಾಯಿತು ಮಗಳ ವೆಬ್‌ಪುಟ’ ಎಂದು ದಪ್ಪಕ್ಷರ. ಕೆಳಗೆ ನನ್ನ ಗೆಳತಿ ಪದ್ಮಿನಿಯ ಫೋಟೊ, ಅವಳ ಹಿಂದೆ ಹಳೇಬೀಡಿನ ಗೋಡೆಯ ಆನೆಸಾಲು, ಮೂಲೆಯಲ್ಲಿ ‘ಹೊಸ ಬ್ಯಾಚ್‌ಗೆ ಪ್ರವೇಶ ಆರಂಭ’.

ಒಂದು ವಾಕ್ಯದೊಳಗೆ ಇಷ್ಟು ತಪ್ಪುಗಳನ್ನು ಕೂರಿಸುವುದಕ್ಕೂ ಪ್ರತಿಭೆ ಬೇಕು. ಪದ್ಮಿನಿಯ ಅಪ್ಪ ದನಿ ಕಳೆದುಕೊಂಡಿರಲಿಲ್ಲ. ಪುಟ ಅವರಿಗೆ ದನಿಯಾಗಲೂ ಇಲ್ಲ. ಬೇಕಾದ ದಿನವೇ ಅದು ಜನರಿಗೆ ತಪ್ಪು ದಾರಿ ತೋರಿಸಿತು. ಇನ್ನು ಅದು ಮಗಳ ಪುಟ ಎಂಬ ಮಾತು. ಅದರಲ್ಲಿ ಅರ್ಧ ನನ್ನದು. ಈ ಮೂರನೆಯ ತಕರಾರು ಸ್ವಾರ್ಥದ್ದು, ಬಿಡಿ. ಮೊದಲೆರಡನ್ನು ಮಾತ್ರ ಬಿಡಲಾರೆ. ಊರಿನವರು ಈ ಕತೆಯನ್ನು ಹೀಗೇ ಹೇಳುತ್ತಾರೆ, ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಕಣ್ಣೀರು ಬಂತೆಂದು ಕತೆ ನಿಜವಾಗುವುದಿಲ್ಲ.

ಕಳೆದ ವಾರ ರಜೆಗೆ ಬಂದವಳು ಆ ಮೆಟ್ಟಿಲ ಬುಡದಲ್ಲಿ ನಿಂತು ಫ್ಲೆಕ್ಸ್ ಓದುತ್ತಿದ್ದಾಗ ಕೆಳಗಿನ ಕೊಬ್ಬರಿ ಅಂಗಡಿಯ ವಾಸನೆ ಬಂತು. ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಕಮಟೂ ಅಲ್ಲದ, ಗೋಣಿಚೀಲದ ಧೂಳು ಬೆರೆತ ಎಣ್ಣೆವಾಸನೆ. ಅದರ ಹಿಂದೆಯೇ ಆ ವರ್ಷದ ಆಷಾಢ ಬಂತು, ಗಾಳಿಯ ಸಮೇತ.

ಆಗ ನಾವಿಬ್ಬರೂ ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆವು. ನನ್ನಪ್ಪ ರೈಲ್ವೆ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು. ನಮ್ಮ ಮನೆಯ ನಡುಗೋಡೆಯ ಮೇಲೆ ಇರುವುದು ಒಂದೇ ಪಟ, ಬುದ್ಧನದು. ‘ಯಾರು ಹೇಳಿದ್ರು ಅಂತ ಕೇಳ್ಬೇಡ, ಹೆಂಗೆ ಗೊತ್ತಾಯ್ತು ಅಂತ ಕೇಳು’ ಎಂದು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಅದನ್ನು ಹೈಸ್ಕೂಲಿನಿಂದಲೇ ಚರ್ಚಾಸ್ಪರ್ಧೆಗಳಿಗೆ ಒಯ್ದೆ. ಚೀಟಿ ಎತ್ತಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಗೆದ್ದ ಫಲಕಗಳನ್ನು ಅಮ್ಮ ಅಕ್ಕಿ ಡಬ್ಬಿಯ ಮುಚ್ಚಳ ಮಾಡಿಕೊಂಡಿದ್ದರು. ಹಾಗೆ ವಾದ ಮಾಡಿಮಾಡಿ, ಎದುರಿಗೆ ಯಾರೂ ಇಲ್ಲದಾಗಲೂ ನನ್ನ ತಲೆಯಲ್ಲಿ ಒಬ್ಬ ತೀರ್ಪುಗಾರ ಕೂತಿರುತ್ತಿದ್ದ.

ಪದ್ಮಿನಿ ಹಳೇಬೀಡಿನಿಂದ ಬರುತ್ತಿದ್ದಳು, ಜಾವಗಲ್ ಮೇಲೆ, ಬಾಣಾವರ ದಾಟಿ. ಅವಳ ಕೊಡೆ ಒದ್ದೆಯಾಗಿರುತ್ತಿತ್ತು, ನಮ್ಮೂರ ರಸ್ತೆ ಒಣಗಿರುತ್ತಿತ್ತು. ಬಸ್ಸಿನ ಒಂದು ತುದಿಗೆ ಮಳೆ, ಇನ್ನೊಂದು ತುದಿಗೆ ಧೂಳು. ಅರಸೀಕೆರೆಗೆ ಮಳೆಗಿಂತ ಮಳೆಯ ಸುದ್ದಿ ಹೆಚ್ಚು ಬರುತ್ತದೆ.

‘ಎಲ್ಲೇ ನಿಮ್ಮೂರ ಮಳೆ?’ ಎಂದು ಕೊಡೆ ಒದರುತ್ತಿದ್ದಳು.

‘ನೀನು ತಂದಿದೀಯಲ್ಲ, ಅಷ್ಟೇ ಕಣೇ ನಮ್ಮ ಪಾಲು.’

ತರಗತಿ ನಡೆಸುತ್ತಿದ್ದ ಹರೀಶ್ ಸರ್ ಕೊನೆಗೆ ಕೊಟ್ಟ ಅಭ್ಯಾಸ ಒಂದು ಡಾಕ್ಯುಮೆಂಟೇಶನ್ ಪುಟ. ಯಾವುದಾದರೂ ಒಂದು ವಿಷಯವನ್ನು ಬಳಸುವುದು ಹೇಗೆಂದು ವಿವರಿಸುವ ಪುಟ ಅದು. ಎಡಬದಿಗೆ ವಿಷಯಗಳ ಪಟ್ಟಿ ಇರಬೇಕು, ಒಂದನ್ನು ಒತ್ತಿದರೆ ಪುಟ ಆ ಭಾಗಕ್ಕೆ ಜಾರಬೇಕು. ನಡುನಡುವೆ ಬೂದುಬಣ್ಣದ ಚೌಕಗಳೊಳಗೆ ಕೋಡ್. ದೊಡ್ಡ ಪರದೆಯಲ್ಲಿ ಹೇಗೋ ಹಾಗೆ ಚಿಕ್ಕ ಫೋನಿನಲ್ಲೂ ಓದಲು ಬರಬೇಕು. ಅದಕ್ಕೆ ರೆಸ್ಪಾನ್ಸಿವ್ ಎನ್ನುತ್ತಾರೆ.

‘ರೆಸ್ಪಾನ್ಸಿವ್ ಅಂದ್ರೆ ಇಷ್ಟೇ ಕಣ್ರಪ್ಪ’ ಎಂದರು ಹರೀಶ್ ಸರ್. ‘ಸೊಸೆ ಇದ್ದಂಗೆ. ತವರಲ್ಲಿ ಕೈಕಾಲು ಚಾಚ್ಕೊಂಡಿರ್ತಾಳೆ, ಅತ್ತೆ ಮನೇಲಿ ಮುದುರ್ಕೊಂಡಿರ್ತಾಳೆ. ಜಾಗ ನೋಡ್ಕೊಂಡು ಹೊಂದ್ಕೋಬೇಕು.’

ನಾನು ಕೈ ಎತ್ತಿದೆ. ‘ಅಳಿಯ ಯಾರ ಮನೇಲೂ ಮುದುರ್ಕೊಳ್ಳಲ್ವಲ್ಲ ಸರ್. ಅವನಿಗೇನು ಕೋಡು?’

‘ಅವನು ಫಿಕ್ಸೆಡ್ ವಿಡ್ತ್ ಕಣಮ್ಮ, ಅಗಲ ಬದಲಾಗಲ್ಲ. ಫೋನೇ ಅಡ್ಡಡ್ಡ ಹಿಡ್ಕೋಬೇಕು.’

ಅವರು ಹೀಗೆ ಸೋಲೊಪ್ಪಿಕೊಳ್ಳುತ್ತಿದ್ದರಿಂದ ಅವರ ಮೇಲೆ ನನಗೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಮಿಕ್ಕವರೆಲ್ಲ ಯಾವುದೋ ಕಂಪ್ಯೂಟರ್ ಭಾಷೆಯ ಬಗ್ಗೆ, ಇನ್ನೊಬ್ಬರ ಪುಟ ನೋಡಿ ಬಣ್ಣ ಬದಲಾಯಿಸಿ ಬರೆದುಕೊಂಡರು. ಪದ್ಮಿನಿ ಮಾತ್ರ ‘ನಾನು ಹಳೇಬೀಡು ನೋಡೋದು ಹೆಂಗೆ ಅಂತ ಮಾಡ್ತೀನಿ. ನಮ್ಮಪ್ಪ ತೋರಿಸ್ತಾರಲ್ಲ, ಹಂಗೆ. ಯಶು, ನೀನೂ ಸೇರ್ಕೊ’ ಎಂದಳು. ಯಶೋಧರಾ ಎಂಬ ನನ್ನ ಹೆಸರನ್ನು ಅವಳು ಮೊದಲ ದಿನವೇ ಮುದುರಿಟ್ಟಿದ್ದಳು.

ಅವಳ ಅಪ್ಪ ಶಿವಣ್ಣ ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಆ ಬೇಸಗೆಯಲ್ಲಿ ಅವರ ಗಂಟಲಿನ ತಂತುಗಳ ಮೇಲೆ ಬೆಳೆದಿದ್ದ ಸಣ್ಣ ಗಂಟನ್ನು ಹಾಸನದಲ್ಲಿ ತೆಗೆಸಿದ್ದರು. ಇನ್ನು ಮುಂದೆ ಕೂಗಿ ಮಾತಾಡುವಂತಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಉಳಿದದ್ದು ಒಣ ತೆಂಗಿನಗರಿಯನ್ನು ನೆಲದ ಮೇಲೆ ಎಳೆದಂಥ ದನಿ. ಎದುರು ಕೂತ ಒಬ್ಬರಿಗೆ, ಇಬ್ಬರಿಗೆ ಸಾಕು. ಒಂದು ಬಸ್ಸು ಜನಕ್ಕೆ ಸಾಲದು. ಫ್ಲೆಕ್ಸ್ ಬರೆಸಿದವರು ಗಮನಿಸಬೇಕು: ಹೋದದ್ದು ದನಿಯಲ್ಲ, ದೊಡ್ಡ ದನಿ.

ಅಲ್ಲಿನ ಗೈಡುಗಳ ನಡುವೆ ಆಗೊಂದು ಪದ್ಧತಿ ಇತ್ತು. ನೆರಳು ಬಿದ್ದ ಗೋಡೆಯ ಕೆತ್ತನೆ ತೋರಿಸಲು ಪ್ರತಿಯೊಬ್ಬರ ಹತ್ತಿರವೂ ಅಂಗೈಯಗಲದ ಕನ್ನಡಿ ಇರುತ್ತದೆ. ಬಿಸಿಲನ್ನು ಅದರಲ್ಲಿ ಹಿಡಿದು ಬೇಕಾದ ಕಡೆ ಎಸೆಯುತ್ತಾರೆ. ಗೇಟಿನ ಹೊರಗಿನ ಹೊಂಗೆಮರದ ಕೆಳಗೊಂದು ಕಲ್ಲುಚಪ್ಪಡಿ. ಬೆಳಿಗ್ಗೆ ಬಂದವರು ತಮ್ಮ ಕನ್ನಡಿಯನ್ನು ಅದರ ಮೇಲೆ ಸಾಲಾಗಿ, ಬೋರಲಾಗಿ ಇಡುತ್ತಿದ್ದರು. ಬಸ್ಸು ಬಂದರೆ ಸಾಲಿನ ಮೊದಲ ಕನ್ನಡಿಯವನ ಸರದಿ. ಅವನು ಕಾಫಿಗೋ ಊಟಕ್ಕೋ ಹೋಗಿದ್ದರೆ ಕನ್ನಡಿಯನ್ನು ತೆಗೆದು ಸಾಲಿನ ಕೊನೆಗಿಡುತ್ತಿದ್ದರು. ಜಗಳವಿಲ್ಲ, ಕೂಗಾಟವಿಲ್ಲ. ಶಿವಣ್ಣ ಆಸ್ಪತ್ರೆಗೆ ಸೇರಿದ ಮೇಲೂ ಉಳಿದವರು ದಿನಾ ಬೆಳಿಗ್ಗೆ ಅವರ ಕನ್ನಡಿಯನ್ನು ಸಾಲಿನಲ್ಲಿಡುತ್ತಿದ್ದರು. ಸರದಿ ಬಂದಾಗ ಕೊನೆಗೆ ಸರಿಸುತ್ತಿದ್ದರು. ಸಂಜೆ ಒಬ್ಬರು ಮನೆಗೊಯ್ದು ಜೋಪಾನ ಮಾಡುತ್ತಿದ್ದರು.

ಆದರೆ ಮರ್ಯಾದೆಗೂ ಒಂದು ಅವಧಿ ಇರುತ್ತದೆ. ಮಳೆಗಾಲದಲ್ಲಿ ಬಸ್ಸು ಕಡಿಮೆ, ಆದ್ದರಿಂದ ನಡೆಯಿತು. ದಸರೆಗೆ ಜನ ನುಗ್ಗಿದಾಗ ಕೆಲಸ ಮಾಡದ ಕನ್ನಡಿಗೆ ಜಾಗವಿರುವುದಿಲ್ಲ. ಸಾಲಿನ ಹಿರಿಯರಾದ ರಾಮೇಗೌಡರು ಮನೆಗೆ ಬಂದು ಹೇಳಿಯೇ ಹೋಗಿದ್ದರು: ‘ದಸರಾಗಂಟ ನಾನ್ ನೋಡ್ಕೊಂತೀನಿ ಶಿವಣ್ಣ. ಆಮ್ಯಾಕೆ ಹುಡುಗ್ರು ಕೇಳ್ತವೆ ಕಣಪ್ಪಾ.’

ಪದ್ಮಿನಿಗೆ ಪುಟ ಬೇಕಾಗಿದ್ದುದು ಅದಕ್ಕೆ. ಜನ ಫೋನಿನಲ್ಲಿ ಓದಿಕೊಂಡರೆ ಅಪ್ಪ ಕೂಗಬೇಕಾಗಿಲ್ಲ, ಜೊತೆಗೆ ನಡೆದರೆ ಸಾಕು. ದಸರೆಯೊಳಗೆ ಅವರು ಕನ್ನಡಿ ಎತ್ತಿಕೊಳ್ಳಬೇಕು. ಸರ್ಟಿಫಿಕೇಟು ಅವಳಿಗೆ ನೆಪ.

ಭಾನುವಾರಗಳಲ್ಲಿ ನಾನು ಹಳೇಬೀಡಿಗೆ ಹೋಗತೊಡಗಿದೆ. ಜಿಟಿಜಿಟಿ ಮಳೆಯಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಪದ್ಮಿನಿಯ ಅಮ್ಮ ಗಿರಿಜಮ್ಮ ಹುರಿದ ಹಲಸಿನ ಬೀಜ ತಂದಿಟ್ಟು ‘ಅವ್ರ ಕೈಲಿ ಜಾಸ್ತಿ ಮಾತಾಡಿಸ್ಬ್ಯಾಡ್ರೇ’ ಎಂದು ಗದರಿ ಒಳಗೆ ಹೋಗುತ್ತಿದ್ದರು. ಶಿವಣ್ಣ ನಮ್ಮೆದುರು ಕಂಬಕ್ಕೆ ಒರಗಿ ಕೂತು, ಕಣ್ಣು ಮುಚ್ಚಿ, ದೇವಸ್ಥಾನದ ಗೋಡೆಯನ್ನು ಸುತ್ತುತ್ತಿದ್ದರು. ನಿಜ. ಕೂತಲ್ಲೇ ಸುತ್ತುತ್ತಿದ್ದರು, ಮಾತಿನ ಜೊತೆ ಕೈಯೂ ಆಡುತ್ತಿತ್ತು. ‘ಇಲ್ಲಿಂದ ಎಡಕ್ಕೆ ಬನ್ನಿ’ ಎಂದು ಬಲಗೈ ಚಾಚುತ್ತಿದ್ದರು.

‘ಅಪ್ಪಂಗೆ ಎಡಬಲ ತಪ್ತಿದೆ ಕಣೇ’ ಎಂದು ಪದ್ಮಿನಿ ನನ್ನ ಕಿವಿಯಲ್ಲಿ ಅಂದಳು. ‘ಮಾತ್ರೆ ಮಂಪರು ಅನ್ಸತ್ತೆ.’

‘ಕೈ ಸುಳ್ಳು ಹೇಳಲ್ಲ, ನಾಲಿಗೆ ಹೇಳತ್ತೆ. ಕೈ ನೋಡ್ಕೊಂಡು ಬರಿ’ ಎಂದೆ. ಚರ್ಚಾಸ್ಪರ್ಧೆಯಲ್ಲಿ ಚಪ್ಪಾಳೆ ಗಿಟ್ಟಿಸುವಂಥ ವಾಕ್ಯ. ಅವಳು ಅದರಂತೆ ‘ಬಲಕ್ಕೆ’ ಎಂದು ಬರೆದುಕೊಂಡಳು. ಆಮೇಲೆ ಅವರು ಎಡ ಎಂದಲ್ಲೆಲ್ಲ ಬಲ ಎಂದು ತಿದ್ದಿಕೊಂಡು ಹೋದೆವು, ಅವರಿಗೆ ಬೇಸರವಾಗಬಾರದೆಂದು ಹೇಳದೆಯೇ.

ನನ್ನ ಜಗಳವೇನಿದ್ದರೂ ಕತೆಗಳ ಜೊತೆ. ಆನೆಸಾಲಿನ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ, ಎಲ್ಲಕ್ಕಿಂತ ಮೇಲೆ ಹಂಸ ಎಂದರೆ ನನಗೆ ತಕರಾರಿಲ್ಲ; ಹೋಗಿ ನೋಡಬಹುದು. ಆದರೆ ರಾಣಿ ಇಲ್ಲಿ ಕೂತಿದ್ದಳು, ಶಿಲ್ಪಿ ಅಲ್ಲಿ ಅತ್ತ ಎಂದು ಶುರುವಾದರೆ ನಾನು ಪೆನ್ನು ಕೆಳಗಿಡುತ್ತಿದ್ದೆ.

‘ಇದಕ್ಕೆ ಆಧಾರ ಏನು ಅಂಕಲ್?’

‘ಬಸ್ಸು’ ಎಂದರು.

‘ಬಸ್ಸಾ?’

‘ಹೂಂ ಕಣವ್ವ. ಡ್ರೈವರು ಹಾರನ್ ಹೊಡೆಯೋಗಂಟ ಟೈಮು. ಆಧಾರ ಹೇಳ್ಕಂತ ನಿಂತ್ಕಂಡ್ರೆ ಬಸ್ಸು ಹೊಂಟೋಯ್ತದೆ. ಕತೆ ಹೇಳುದ್ರೆ ಜನ ನಿಂತ್ಕಂತಾರೆ. ನಿಂತ್ಕಂಡ್ರೆ ಕಲ್ಲು ಕಾಣ್ತದೆ. ಕಾಣ್ಲಿ ಅಂತ ನಿಲ್ಸೋದು.’

ಇದು ವಾದವಾಗಿ ಕೆಟ್ಟದ್ದಲ್ಲ. ಗುರಿ ಒಳ್ಳೆಯದಾದರೆ ದಾರಿ ಸುಳ್ಳಿದ್ದರೂ ಸರಿ ಎನ್ನುವ ಹಳೆಯ ವಾದ. ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವೂ ಇತ್ತು. ಆದರೆ ಆ ದನಿಯನ್ನು ಮತ್ತೆ ಕೆಲಸಕ್ಕೆ ಹಚ್ಚಲು ಮನಸ್ಸಾಗದೆ ಸುಮ್ಮನಾದೆ.

ಬೂದುಚೌಕಗಳಲ್ಲಿ ಏನು ಹಾಕುವುದು ಎಂಬುದು ಇನ್ನೊಂದು ಚರ್ಚೆ. ನಮ್ಮ ಪುಟದಲ್ಲಿ ಕಂಪ್ಯೂಟರ್ ಭಾಷೆಯೇ ಇಲ್ಲ, ಕೋಡ್ ಎಲ್ಲಿಂದ ಬರಬೇಕು? ಹರೀಶ್ ಸರ್ ಹೇಳಿದರು: ‘ಒಂದಕ್ಷರ ಬದಲಾಯಿಸ್ದೆ ಹಂಗೇ ಬಳಸ್ಬೇಕಾದ್ದು ಯಾವುದೋ ಅದು ಕೋಡ್. ಉಳಿದದ್ದು ವಿವರಣೆ.’ ಪದ್ಮಿನಿ ಅಪ್ಪನ ಪಲ್ಲವಿಗಳನ್ನು ಅಲ್ಲಿಟ್ಟಳು. ವರ್ಷಾನುಗಟ್ಟಲೆ ಒಂದಕ್ಷರ ಆಚೀಚೆಯಾಗದ ಮಾತುಗಳು ಅವು. ‘ಕಣ್ಣು ಆನೆಯಿಂದ ಹೊರಡಲಿ, ಹಂಸದ ಹತ್ತಿರ ನಿಲ್ಲಲಿ.’ ‘ಮೊದಲು ದೂರ ನಿಂತು ನೋಡಿ, ಆಮೇಲೆ ಹತ್ತಿರ ಬನ್ನಿ, ನೆಂಟರ ಮನೆಗೂ ಹಾಗೇ ಅಲ್ಲವೇ ಹೋಗುವುದು.’ ಇಂಥವು ನನಗೂ ಹಿಡಿಸಿದವು.

ಪಶ್ಚಿಮದ ಗೋಡೆಯಲ್ಲಿ ಒಂದು ಮೂಲೆ ಇದೆ. ಬಳ್ಳಿಯ ಸಾಲು ಸುರುಳಿಸುರುಳಿಯಾಗಿ ಬಂದು ಅಲ್ಲಿ ನಿಂತುಬಿಡುತ್ತದೆ. ಮುಂದೆ ಬರಿಯ ಕಲ್ಲು. ಶಿವಣ್ಣನ ಕತೆ ಹೀಗೆ: ಶಿಲ್ಪಿ ಬಳ್ಳಿ ಕೊರೆಯುತ್ತಿದ್ದ. ಮಗಳು ಬಂದು ‘ಅಪ್ಪಾ, ಊಟಕ್ಕೆ ಬಾ’ ಎಂದು ಕರೆದಳು. ಇನ್ನೊಂದು ಎಲೆ ಮುಗಿಸಿ ಬರುತ್ತೇನೆ ಎಂದ. ಅವಳು ಕೇಳಲಿಲ್ಲ, ಕೈಹಿಡಿದು ಎಳೆದಳು. ಉಳಿ ಅಲ್ಲೇ ಇಟ್ಟು ಹೋದ. ಮತ್ತೆ ಬರಲಿಲ್ಲ.

ಅಷ್ಟೇ. ಯಾಕೆ ಬರಲಿಲ್ಲ ಎಂದು ಹೇಳುವುದಿಲ್ಲ. ಇಡೀ ಬಸ್ಸು ಅಲ್ಲಿ ಸುಮ್ಮನಾಗುತ್ತಿತ್ತಂತೆ.

‘ಇದನ್ನ ಹಾಕೋಕಾಗಲ್ಲ’ ಎಂದೆ. ‘ಡಾಕ್ಯುಮೆಂಟೇಶನ್ ಅಂದ್ಮೇಲೆ ಗೊತ್ತಿರೋದು ಬರೀಬೇಕು. ಇದು ಯಾರಿಗೆ ಗೊತ್ತು? ಯಾವ ಶಾಸನದಲ್ಲಿದೆ?’

ಪದ್ಮಿನಿ ವಾದಕ್ಕೆ ಬರುತ್ತಾಳೆಂದು ನಾನು ಟೊಂಕ ಕಟ್ಟಿ ಕೂತಿದ್ದೆ. ಅವಳು ‘ಸರಿ, ತೆಗಿ’ ಎಂದಳು. ಶಿವಣ್ಣ ಮಗಳ ಮುಖವನ್ನೊಮ್ಮೆ ನೋಡಿ, ‘ತೆಗೀರವ್ವ’ ಎಂದರು. ಅದರ ಜಾಗದಲ್ಲಿ ನಾನು ಬರೆದೆ: ‘ಇಲ್ಲಿ ಕೆತ್ತನೆ ಅಪೂರ್ಣವಾಗಿದೆ. ಕಾರಣ ತಿಳಿದಿಲ್ಲ.’ ಎದುರಾಳಿಯಿಲ್ಲದೆ ಗೆದ್ದ ಚರ್ಚೆ ಹುಳಿಯಿಲ್ಲದ ಸಾರಿನಂತೆ. ಆ ಭಾನುವಾರ ವಾಪಸು ಬರುವಾಗ ಬಾಯಿ ಸಪ್ಪಗಿತ್ತು.

ಶ್ರಾವಣದಲ್ಲಿ ಪುಟ ಒಂದು ರೂಪಕ್ಕೆ ಬಂತು. ಹರೀಶ್ ಸರ್ ತೋರಿಸಿದ ಮಾದರಿಯಂತೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ; ತರಗತಿಯ ಟ್ಯೂಬ್‌ಲೈಟಿನಡಿ ರಾಜಗಾಂಭೀರ್ಯ. ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಮೂವರೂ ದೇವಸ್ಥಾನದ ಅಂಗಳಕ್ಕೆ ಹೋಗಿ ಫೋನಿನಲ್ಲಿ ತೆರೆದೆವು. ಮೋಡದ ಬೆಳಕಿಗೆ ಕಪ್ಪು ಪರದೆಯಲ್ಲಿ ಕಂಡದ್ದು ನನ್ನ ಮೂಗು, ಪದ್ಮಿನಿಯ ಓಲೆ, ಹಿಂದೊಂದು ತೆಂಗಿನಮರ. ಅಕ್ಷರ ಒಂದೂ ಇಲ್ಲ. ಶಿವಣ್ಣ ಬಗ್ಗಿ ನೋಡಿ, ದನಿಯಿಲ್ಲದೆ ಭುಜ ಕುಲುಕಿಸಿ ನಕ್ಕರು.

‘ಕನ್ನಡಿ ನಂತಾವ್ಲೇ ಇತ್ತಲ್ರವ್ವ. ಇದ್ಕೆ ಇಷ್ಟು ಓದ್ಬೇಕಾಗಿತ್ತಾ?’

ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡದೆ ಮನೆಗೆ ಬಂದು ಬಣ್ಣ ತಿರುಗಿಸಿದೆವು.

ಮತ್ತೊಂದು ದಿನ ಬೇಲೂರಿಗೆ ಹೋದೆವು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯೊಂದಿತ್ತು, ಪದ್ಮಿನಿಯ ಪರಿಚಯದವರದು. ರಿಪೇರಿಗೆ ಬಂದ ಹಳೆಯ, ಹೊಸ, ಗಾಜೊಡೆದ, ಅಂಗೈಯಷ್ಟರ, ಹಲಗೆಯಷ್ಟರ ಫೋನುಗಳಲ್ಲೆಲ್ಲ ಪುಟ ತೆರೆದು ನೋಡುವುದು ನಮ್ಮ ಉಪಾಯ. ಅಂಗಡಿಯಾತ ಮಾಲೀಕರಿಗೆಲ್ಲ ಫೋನು ಮಾಡಿ ಒಪ್ಪಿಗೆ ಕೇಳಿದ. ‘ಹಳೇಬೀಡು ತೋರಿಸೋಕೆ ಬೇಲೂರಿನೋರ ಫೋನಾ?’ ಎಂದು ಒಬ್ಬ ಹಾಸ್ಯ ಮಾಡಿದನಂತೆ. ದೊಡ್ಡದರಲ್ಲಿ ಎಡಕ್ಕಿದ್ದ ಪಟ್ಟಿ ಚಿಕ್ಕದರಲ್ಲಿ ತಾನಾಗಿ ಮೇಲೆ ಹೋಗಿ ಕೂತಾಗ ಪದ್ಮಿನಿ ಅಂಗಡಿಯ ಬಾಗಿಲಲ್ಲೇ ಕುಣಿದಳು. ಒಂದು ಹಳೆಯ ಫೋನಿನಲ್ಲಿ ಒತ್ತಕ್ಷರಗಳ ಕಾಲುಗಳೆಲ್ಲ ಕತ್ತರಿಸಿಹೋಗಿದ್ದವು. ಸಾಲುಗಳ ನಡುವೆ ಜಾಗ ಹೆಚ್ಚಿಸಿದೆವು. ಕನ್ನಡಕ್ಕೆ ಕೆಳಗೂ ಉಸಿರಾಡಲು ಜಾಗ ಬೇಕೆಂದು ಆವತ್ತು ಗೊತ್ತಾಯಿತು. ವಾಪಸು ಬರುವಾಗ ಯಗಚಿ ಹೊಳೆಯ ಮೇಲೆ ಮಳೆ ಹಿಡಿದುಕೊಂಡಿತ್ತು. ‘ಇನ್ನೇನೂ ತಪ್ಪು ಉಳಿದಿಲ್ಲ ಅಲ್ವೇನೇ?’ ಎಂದು ಅವಳು ಕೇಳಿದಳು. ‘ಉಳಿದಿಲ್ಲ’ ಎಂದೆ.

ಭಾದ್ರಪದದ ಕೊನೆಗೆ ಬಿಸಿಲು ಕಾಣಿಸಿಕೊಂಡಿತು. ದಸರಾ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಪದ್ಮಿನಿ ಅಪ್ಪನನ್ನು ಹೊರಡಿಸಿಕೊಂಡು ಹೊಂಗೆಮರದ ಕೆಳಗೆ ಬಂದಳು. ನಾನೂ ಮೊದಲ ಬಸ್ಸಿಗೆ ಹೋಗಿದ್ದೆ. ಶಿವಣ್ಣನ ಕನ್ನಡಿ ಸಾಲಿನಲ್ಲಿ ಮೊದಲಿತ್ತು. ಅದಾಗಿಯೇ ಮೊದಲು ಬಂದಿತ್ತೋ, ರಾಮೇಗೌಡರು ಇಟ್ಟಿದ್ದರೋ, ಕೇಳಲಿಲ್ಲ. ಬಾಣಾವರದ ಕಡೆಯಿಂದ ಪಿಯು ಮಕ್ಕಳ ಬಸ್ಸೊಂದು ಬಂದು ನಿಂತಿತು.

‘ಏನಪ್ಪಾ ಶಿವಣ್ಣ’ ಎಂದರು ರಾಮೇಗೌಡರು. ‘ಎತ್ಕಂತೀಯೋ, ಹಿಂದ್ಕೆ ಮಡಗ್ಲೋ?’

ಶಿವಣ್ಣ ಪಂಚೆಯ ಚುಂಗಿನಲ್ಲಿ ಕನ್ನಡಿ ಒರೆಸಿ ಕೈಗೆತ್ತಿಕೊಂಡರು.

ಪದ್ಮಿನಿ ಪುಟದ ವಿಳಾಸದ ಕ್ಯೂಆರ್ ಚೌಕ ಅಂಟಿಸಿದ ರಟ್ಟನ್ನು ಹಿಡಿದಳು, ಮಕ್ಕಳು ಫೋನು ಹಿಡಿದು ಪುಟ ತೆರೆದುಕೊಂಡರು. ಪಶ್ಚಿಮದ ಗೋಡೆ ಬೆಳಿಗ್ಗೆ ನೆರಳಿನಲ್ಲಿರುತ್ತದೆ. ಮಕ್ಕಳು ಗೋಡೆಗೆ ಮುಖ ಮಾಡಿ ನಿಂತರು. ಇಷ್ಟು ವರ್ಷ ಜನರೆದುರು, ಗೋಡೆಗೆ ಬೆನ್ನು ಹಾಕಿ ನಿಂತು ಕೂಗುತ್ತಿದ್ದ ಶಿವಣ್ಣ ಆವತ್ತು ಎಲ್ಲರ ಹಿಂದೆ, ನೆರಳು ಮುಗಿದು ಬಿಸಿಲು ಶುರುವಾಗುವಲ್ಲಿ ಹೋಗಿ ನಿಂತರು. ಕನ್ನಡಿ ಎತ್ತಿದರು. ಆನೆಸಾಲಿನ ಮೇಲೆ ಒಂದು ಬಿಳಿ ಬಿಲ್ಲೆ ಬಿತ್ತು.

ಆನೆ, ಸಿಂಹ, ಬಳ್ಳಿ, ಕುದುರೆ. ಮಕ್ಕಳು ಓದುತ್ತಿದ್ದರು, ಬೆಳಕು ಏರುತ್ತಿತ್ತು, ಎರಡೂ ಒಟ್ಟಿಗೆ ಹಂಸ ಮುಟ್ಟಿದವು. ಪದ್ಮಿನಿ ನನ್ನ ಕೈ ಹಿಡಿದುಕೊಂಡಳು. ಆಮೇಲೆ ಪುಟ ಹೇಳಿತು: ‘ಈಗ ಬಲಕ್ಕೆ ಸರಿಯಿರಿ.’ ಮಕ್ಕಳೆಲ್ಲ ಬಲಕ್ಕೆ ತಿರುಗಿದರು. ಬೆಳಕು ಎಡಕ್ಕೆ ಹೋಯಿತು.

ಒಂದು ಗಳಿಗೆ ಎಲ್ಲರೂ ನಿಂತರು. ಕೆಲವರು ಫೋನನ್ನು ತಿರುಗಿಸಿ ನೋಡಿದರು. ನನಗೆ ಆಗ ಹೊಳೆಯಿತು. ಪ್ರದಕ್ಷಿಣೆ ಬರುವವರು ಗೋಡೆಗೆ ಮುಖ ಮಾಡಿದರೆ ಮುಂದಿನ ದಾರಿ ಎಡಕ್ಕೇ. ಶಿವಣ್ಣ ಜನರೆದುರು ನಿಂತು ಅವರ ಎಡವನ್ನು ತನ್ನ ಬಲಗೈಯಿಂದ ತೋರಿಸಿ ತೋರಿಸಿ, ಪಡಸಾಲೆಯಲ್ಲಿ ಕಣ್ಣು ಮುಚ್ಚಿಕೊಂಡಾಗಲೂ ಹಾಗೇ ತೋರಿಸಿದ್ದರು. ನಾಲಿಗೆಯೂ ಸರಿಯಿತ್ತು, ಕೈಯೂ ಸರಿಯಿತ್ತು. ನಮ್ಮ ಮನೆಯಲ್ಲಿ ಯಾರೂ ಪ್ರದಕ್ಷಿಣೆ ಹಾಕುವುದಿಲ್ಲ, ನನಗೆ ಹೊಳೆಯಲಿಲ್ಲ ಎನ್ನಿ. ಪದ್ಮಿನಿ ನಡೆಯಲು ಕಲಿತದ್ದೇ ಆ ಜಗತಿಯ ಮೇಲೆ, ದೇವಸ್ಥಾನದ ಸುತ್ತಲಿನ ಕಲ್ಲುಕಟ್ಟೆಯ ಮೇಲೆ, ಪ್ರದಕ್ಷಿಣೆ ಹಾಕುತ್ತಲೇ. ಅವಳ ಕಾಲಿಗೆ ಗೊತ್ತಿದ್ದದ್ದು ಕೀಬೋರ್ಡಿನ ಮುಂದೆ ಕೂತ ಕೈಗೆ ಗೊತ್ತಾಗಲಿಲ್ಲ.

ಅವಳು ‘ಅಪ್ಪಾ’ ಎಂದಳು. ಶಿವಣ್ಣ ಅವಳ ಕಡೆ ನೋಡಲಿಲ್ಲ. ಕನ್ನಡಿಯನ್ನು ಸ್ವಲ್ಪವೇ ವಾಲಿಸಿ, ಮಕ್ಕಳು ತಪ್ಪಿ ನೋಡುತ್ತಿದ್ದ ಜಾಗಕ್ಕೆ ಬೆಳಕನ್ನು ತಂದರು. ಅಲ್ಲಿ ಒಂದು ಕ್ಷಣ ನಿಲ್ಲಿಸಿ, ದಾರಿ ತಪ್ಪಿದ ಕರುವನ್ನು ಹೊಡೆದುಕೊಂಡು ಬರುವಂತೆ ನಿಧಾನವಾಗಿ ಎಡಕ್ಕೆ ಎಳೆದರು. ಮಕ್ಕಳ ಮುಖಗಳೆಲ್ಲ ಅದರ ಹಿಂದೆ ತಿರುಗಿದವು.

‘ಲೇ, ಫೋನ್ ಬಿಡ್ರೋ, ಲೈಟ್ ನೋಡ್ರೋ’ ಎಂದ ಒಬ್ಬ.

ಅಲ್ಲಿಂದ ಮುಂದೆ ಯಾರೂ ಪುಟ ನೋಡಲಿಲ್ಲ. ನಾವು ಮಳೆಗಾಲವಿಡೀ ಕಟ್ಟಿದ ಪುಟ ಜೇಬುಗಳಿಗೆ ಹೋಯಿತು. ಮಾತೇ ಇಲ್ಲದೆ ಒಂದು ಬಸ್ಸು ಜನ ಗೋಡೆ ಸುತ್ತಿದರು. ಬೆಳಕು ನಿಂತಲ್ಲಿ ನಿಂತರು, ಓಡಿದಲ್ಲಿ ಓಡಿದರು. ಒಮ್ಮೆ ಶಿವಣ್ಣ ಬೇಕೆಂದೇ, ಮುಡಿ ಕೊಟ್ಟು ಬಂದಿದ್ದ ಒಬ್ಬ ತುಂಟನ ಬೋಳುತಲೆಯ ಮೇಲೆ ಬೆಳಕು ಬಿಟ್ಟಾಗ ಎಲ್ಲರೂ ಹೋ ಎಂದು ನಕ್ಕರು.

ಕೊನೆಗೆ ಬೆಳಕು ಆ ಮೂಲೆಗೆ ಬಂತು. ಬಳ್ಳಿ ನಿಂತು ಬರಿಯ ಕಲ್ಲು ಶುರುವಾಗುವಲ್ಲಿ ಅದೂ ನಿಂತಿತು. ಮಿಕ್ಕವರು ಫೋಟೊ ತೆಗೆದುಕೊಳ್ಳತೊಡಗಿದರು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ಹಿಂದೆ ನಡೆದು ಬಂದು ಶಿವಣ್ಣನ ಮುಂದೆ ನಿಂತಳು.

‘ಇದ್ಯಾಕೆ ಅರ್ಧಕ್ಕೇ ಬಿಟ್ಟಿದಾರೆ ಸಾರ್?’

ನಾನು ಪಕ್ಕದಲ್ಲೇ ಇದ್ದೆ. ಕತೆ ಹೇಳುತ್ತಾರೆ ಎಂದುಕೊಂಡೆ. ಇದಕ್ಕೆ ಕೂಗಬೇಕಾಗಿಲ್ಲ, ಎದುರಿಗಿರುವವಳು ಒಬ್ಬಳು. ನಿಜ ಹೇಳಬೇಕೆಂದರೆ ಹೇಳಲಿ ಎಂದೂ ಅನ್ನಿಸಿತು, ನನ್ನ ವಾದ ನನಗಿರಲಿ. ಶಿವಣ್ಣ ಬಾಯಿ ತೆರೆದರು. ರಟ್ಟು ಹಿಡಿದು ನಿಂತಿದ್ದ ಮಗಳ ಕಡೆ ನೋಡಿದರು. ಆಮೇಲೆ ಆ ಗರಿಯ ದನಿಯಲ್ಲಿ, ಅಚ್ಚಿನ ಕನ್ನಡದಲ್ಲಿ ‘ಕಾರಣ ತಿಳಿದಿಲ್ಲ’ ಎಂದರು.

ನನ್ನ ವಾಕ್ಯ. ಒಂದಕ್ಷರ ಬದಲಾಗದೆ.

ಮಕ್ಕಳು ಬಸ್ಸು ಹತ್ತಿದ ಮೇಲೆ ರಾಮೇಗೌಡರು ಶಿವಣ್ಣನ ಕೈಯಿಂದ ಕನ್ನಡಿ ತೆಗೆದುಕೊಂಡು ತಾವೇ ಸಾಲಿನ ಕೊನೆಗಿಟ್ಟರು. ಕೆಲಸ ಮುಗಿಸಿ ಬಂದವನ ಕನ್ನಡಿಯ ಜಾಗ ಅದು. ದಸರೆಯ ಮಾತು ಮತ್ತೆ ಬರಲೇ ಇಲ್ಲ.

ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಗಿರಿಜಮ್ಮ ಕೇಳಿದರು: ‘ಬಳ್ಳಿ ಕತೆ ಹೇಳುದ್ರಾ?’

ಶಿವಣ್ಣ ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಗಿರಿಜಮ್ಮನೇ ನನ್ನ ಕಡೆ ತಿರುಗಿದರು. ‘ಇವ್ಳು ಚಿಕ್ಕೋಳಿದ್ದಾಗ ಊಟಕ್ ಕರಿಯೋಕೆ ಓಡೋಗೋಳು ಕಣವ್ವ. ಇವ್ರು ಜನಕ್ ತೋರಿಸ್ತಾ ಇದ್ರೆ ಕೈ ಹಿಡ್ದು ಜಗ್ಗೋಳು. ಆ ಮೂಲೇತಾವ್ಲೇ. ಬಸ್ಸಿನೋರೆಲ್ಲ ನಗೋರು. ಆಗ ಕಟ್ಟಿದ್ ಕತೆ ಅದು.’

ನಾನು ಕೇಳುತ್ತಿದ್ದ ಆಧಾರ ನನ್ನ ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿತ್ತು.

ಪದ್ಮಿನಿ ಬಸ್ಸಿಗೆ ನನ್ನನ್ನು ಬಿಡಲು ಬಂದಾಗ ‘ನಿಂಗೊತ್ತಿತ್ತಾ?’ ಎಂದೆ.

‘ಗೊತ್ತಿಲ್ದೆ ಏನು.’

‘ಮತ್ತೆ ನಾನು ತೆಗಿ ಅಂದ ತಕ್ಷಣ ಯಾಕೆ ಒಪ್ಕೊಂಡೆ?’

ಅವಳು ಕೊಡೆಯ ಹಿಡಿ ತಿರುಗಿಸಿದಳು. ‘ಬೇಸ್ಗೇಲಿ ಅಪ್ಪ ಮಾತಾಡ್ತಾ ಮಾತಾಡ್ತಾ ಗಂಟ್ಲು ಕಟ್ಟಿ ನಿಂತ್ಬಿಟ್ರು ಕಣೇ. ಜನರ ಮುಂದೆನೇ. ಆವತ್ತೂ ನಾನೇ ಹೋಗಿ ಕೈ ಹಿಡ್ಕೊಂಡು, ಸಾಕು ಅಪ್ಪಾ, ಮನೆಗೆ ಬಾ ಅಂದೆ. ಬಂದ್ರು. ಆಮೇಲೆ ಇವತ್ತಿನ ತನಕ ಕೆಲಸಕ್ಕೆ ಹೋಗ್ಲೇ ಇಲ್ಲ. ಕತೇಲಿ ಇರೋದೂ ಅದೇ ತಾನೆ? ಮಗಳು ಕರೀತಾಳೆ, ಅವನು ಮತ್ತೆ ಬರಲ್ಲ. ನಿನ್ನ ಆಧಾರ ಗೀಧಾರ ನನಗೆ ಬೇಕಿರ್ಲಿಲ್ಲ. ಆ ಕತೆ ಇರಬಾರದು ಅನ್ನಿಸ್ತಿತ್ತು, ಅಷ್ಟೇ.’

ಇದು ಮೂಢನಂಬಿಕೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಕೆಲವು ಸಲ ಬಸ್ಸೂ ಒಂದು ಆಧಾರವೇ.

ಅಂದು ಸಂಜೆಯೇ ಅವಳು ಎಡಬಲ ತಿದ್ದಿದಳು. ಹರೀಶ್ ಸರ್ ಪಾಸು ಮಾಡಿ ಎಲ್ಲರೆದುರು ಹೊಗಳಿದರು. ಆ ಹೊಗಳಿಕೆಯೇ ವರ್ಷದಿಂದ ವರ್ಷಕ್ಕೆ ಉಬ್ಬಿ ಫ್ಲೆಕ್ಸ್ ಆಗಿದೆ. ನಾನು ಹಾಸನಕ್ಕೆ ಕಾನೂನು ಓದಲು ಹೋದೆ. ಪದ್ಮಿನಿ ಈಗ ಬೇಲೂರಿನ ಅಂಗಡಿ, ಹೋಟೆಲುಗಳಿಗೆ ಪುಟ ಮಾಡಿಕೊಡುತ್ತಾಳೆ. ‘ಯಾವ ಫೋನಲ್ಲಿ ತೆಗೆದ್ರೂ ಮುದುರ್ಕೊಳ್ಳತ್ತೆ’ ಎಂದು ಗಿರಾಕಿಗಳಿಗೆ ಹೇಳಿ ನಗುತ್ತಾಳೆ.

ಫ್ಲೆಕ್ಸ್ ಓದಿದ ಮರುದಿನ ಹಳೇಬೀಡಿಗೆ ಹೋದೆ. ಕಲ್ಲುಚಪ್ಪಡಿಯ ಮೇಲೆ ಕನ್ನಡಿಗಳು ಸಾಲಾಗಿ ಮಲಗಿದ್ದವು. ಬಸ್ಸು ಇರಲಿಲ್ಲ. ಶಿವಣ್ಣ ನನ್ನನ್ನು ಗುರುತಿಸಿ, ಚೆನ್ನಾಗಿದೀಯೇನವ್ವ ಎಂದು ಕೇಳಿ, ಜೊತೆಗೆ ಗೋಡೆಯವರೆಗೆ ಬಂದರು. ದನಿ ಹಾಗೇ ಇದೆ. ಒಬ್ಬರಿಗೆ ಧಾರಾಳವಾಗಿ ಸಾಕು. ಈಗ ಅವರು ಬಸ್ಸಿನವರಿಗೆ ಏನನ್ನೂ ಹೇಳುವುದಿಲ್ಲವಂತೆ, ಹಿಂದೆ ನಿಂತು ಬರಿಯ ಬೆಳಕು ಎಸೆಯುತ್ತಾರೆ. ಹಾಗೆ ತೋರಿಸಿಕೊಳ್ಳಬೇಕೆಂದೇ ಹುಡುಕಿಕೊಂಡು ಬರುವವರಿದ್ದಾರಂತೆ. ಒಬ್ಬೊಬ್ಬರೇ ಬಂದು ಕೇಳಿದರೂ ಆ ಕತೆ ಮಾತ್ರ ಹೇಳುವುದಿಲ್ಲ ಎಂದು ಪದ್ಮಿನಿ ಫೋನಿನಲ್ಲಿ ಹೇಳಿದ್ದಳು.

ಅದನ್ನು ನಾನು ಮೂರು ಬಗೆಯಲ್ಲಿ ವಾದಿಸಬಲ್ಲೆ. ನನ್ನ ಮಾತು ಅವರಿಗೆ ಸರಿಯೆನಿಸಿರಬಹುದು: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೇ ಮೇಲು. ಮಗಳ ಭಯ ಅವರಿಗೆ ಅವಳು ಹೇಳದೆಯೇ ಅರ್ಥವಾಗಿ, ಅವಳಿಗಾಗಿ ನುಂಗಿಕೊಂಡಿರಬಹುದು. ಅಥವಾ ಕತೆ ಹೇಳಿ ಹೇಳಿ ಅವರಿಗೇ ಸಾಕಾಗಿತ್ತು, ಗಂಟಲು ಕಟ್ಟಿದ್ದು ಬಿಡುಗಡೆಗೆ ಒಂದು ನೆಪವಾಗಿರಬಹುದು. ಮೂರಕ್ಕೂ ಚಪ್ಪಾಳೆ ಬೀಳುತ್ತದೆ. ಮೂರಕ್ಕೂ ಆಧಾರವಿಲ್ಲ. ಸಾಕ್ಷಿ ಮಾತ್ರ ಎದುರಿಗೇ ನಿಂತು ಪಂಚೆಯ ಚುಂಗಿನಲ್ಲಿ ಕನ್ನಡಿ ಒರೆಸುತ್ತಿದ್ದರು.

ಬೆಳಕು ಗೋಡೆಯ ಮೇಲೆ ಎಡಕ್ಕೆ ನಡೆಯಿತು. ಬಳ್ಳಿಯ ಸುರುಳಿ, ಇನ್ನೊಂದು ಸುರುಳಿ, ಕೊನೆಯ ಎಲೆ, ಬರಿಯ ಕಲ್ಲು. ಅಲ್ಲಿ ನಿಂತಿತು.

‘ಅಂಕಲ್’ ಎಂದೆ. ‘ಆವತ್ತು ಆ ಹುಡುಗಿ ಕೇಳಿದಾಗ ನಿಮಗೆ ಹೇಳೋಷ್ಟು ದನಿ ಇತ್ತಲ್ಲ. ಯಾಕೆ ಹೇಳಲಿಲ್ಲ?’